ಕಂಬದ ತುದಿಯ ಆರಾಮ ಕುರ್ಚಿ

ನಂಬಬೇಡಿ ನೋಡೋಣ. ಹೋದ ದೀಪಾವಳಿ ಬೆಳಿಗ್ಗೆ ನನ್ನ ಆರಾಮ ಕುರ್ಚಿ ಕರೆಂಟ್ ಕಂಬದ ತುದೀಲಿ ಕೂತಿತ್ತು. ಮಡಚಿಟ್ಟದ್ದಲ್ಲ, ಬಿಡಿಸಿ, ಬಟ್ಟೆ ಸರಿ ಮಾಡಿ, ಹಿಂದಕ್ಕೆ ನಾನು ಮೈ ಒರೆಸೋ ಬೈರಾಸನ್ನೂ ಹಾಕಿ, ಇನ್ನೇನು ನಾನು ಹೋಗಿ ಒರಗೋದೊಂದೇ ಬಾಕಿ ಅನ್ನೋ ಹಾಗೆ. ನಮ್ಮೂರವರ್ಯಾರೂ ನನ್ನ ಮಾತು ನಂಬೋದಿಲ್ಲ. ನೀವು ಮಾತ್ರ ಯಾಕೆ ನಂಬ್ತೀರಿ? ಆದ್ರೂ ಇದರಲ್ಲಿ ಸುಳ್ಳು ಒಂದೇ ಒಂದು. ಅದು ಯಾವುದು ಅಂತ ಹುಡುಕ್ತಾ ಬನ್ನಿ, ಕೊನೇಲಿ ನಾನೇ ಹೇಳ್ತೀನಿ.

ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಖಾಸಗಿ ಬಸ್ಸು ಓಡಿಸಿದೋನು. ಆ ದಾರೀಲಿ ನನ್ನಷ್ಟು ಚೆಂದ ಹಾರನ್ ಹೊಡೆಯೋನು ಹುಟ್ಟಿಲ್ಲ, ನನ್ನಷ್ಟು ಚೆಂದ ಸುಳ್ಳು ಹೇಳೋನಂತೂ ಇಲ್ಲವೇ ಇಲ್ಲ. ಒಂದ್ಸಲ ಶಿವಮೊಗ್ಗದ ಟ್ರಿಪ್ಪಲ್ಲಿ ಹೊಸಾ ಕಂಡಕ್ಟರ್ ಒಬ್ಬ ಸಿಕ್ಕಿದ್ದ. ಮಂಡಗದ್ದೇಲಿ ಬಸ್ ನಿಲ್ಲಿಸಿ, "ಹೊಳೆ ನಡುವಿನ ಮರದಲ್ಲಿ ಹಕ್ಕಿ ಎಷ್ಟಿವೆ ಎಣಿಸಿ ಬರ್ಕೊ ಮಾರಾಯ, ಚೆಕಿಂಗ್‌ನೋರು ಕೇಳ್ತಾರೆ" ಅಂದೆ. ಪಾಪ, ಇಳಿದು ಎಣಿಸೋಕೆ ಶುರು ಮಾಡ್ದ. ಹಕ್ಕಿ ಎಲ್ಲಿ ಒಂದು ಕಡೆ ಕೂರ್ತವೆ? ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹಾಕಿ ಅವನಿಗೆ ಲೆಕ್ಕ ಹೇಳಿಕೊಡ್ತಿದ್ರು.

ಆದ್ರೆ ನನ್ನ ನಿಜವಾದ ಹೆಸರು ಇರೋದು ಬೂರೆ ಹಬ್ಬದಲ್ಲಿ. ಗೊತ್ತಿಲ್ದೋರಿಗೆ ಹೇಳ್ತೀನಿ ಕೇಳಿ. ದೀಪಾವಳಿ ಹಿಂದಿನ ರಾತ್ರಿ ನಮ್ಮ ಕಡೆ ಕಳ್ಳತನಕ್ಕೆ ರಜೆ ಇಲ್ಲ, ಶಿಕ್ಷೆಗೆ ರಜೆ. ಯಾರ ಹಿತ್ತಲಿಂದ ಬೇಕಾದ್ರೂ ಸೌತೆಕಾಯಿ ಕದೀಬಹುದು, ಹೂವಿನ ಕುಂಡ ಹೊತ್ಕೊಂಡು ಹೋಗಿ ಬಸ್ ಸ್ಟ್ಯಾಂಡಲ್ಲಿ ಸಾಲಾಗಿ ಇಡಬಹುದು. ಬೆಳಿಗ್ಗೆ ಎದ್ದು ಯಾರೂ ಬಯ್ಯೋ ಹಾಗಿಲ್ಲ. ಕದ್ದೋನು ಹೇಳೋ ಹಾಗಿಲ್ಲ. ಕಳ್ಕೊಂಡೋನು ತಾನೇ ಹುಡುಕಿ, ತಾನೇ ಹೊತ್ತು ತರಬೇಕು. ನನ್ನ ಪ್ರಾಯದಲ್ಲಿ ನಾವು ಎತ್ತಿನ ಗಾಡೀನೇ ಬಿಚ್ಚಿ, ಒಂದೊಂದೇ ತುಂಡು ಮೇಲೆ ಸಾಗಿಸಿ, ಶಾಲೆಯ ಹೆಂಚಿನ ಮಾಡಿನ ಮೇಲೆ ಮತ್ತೆ ಜೋಡಿಸಿಟ್ಟಿದ್ವಿ. ಗಾಡಿ ಯಜಮಾನ ಎತ್ತು ಹಿಡ್ಕೊಂಡು ಕೆಳಗೆ ನಿಂತು ಮಾಡು ನೋಡ್ತಾ ಇದ್ದ ಮುಖ ಇದೆಯಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನನಗೆ ಊಟ ಹೆಚ್ಚು ಸೇರ್ತದೆ. ಮತ್ತೆ ನಮ್ಮನೇಯಿಂದ? ಒಂದು ಮೆಣಸಿನಕಾಯಿನೂ ಯಾವತ್ತೂ ಹೋಗಿಲ್ಲ. ವಯಸ್ಸಾದ ಮೇಲೂ ಬೂರೆ ರಾತ್ರಿ ನಾನು ಆ ಕುರ್ಚೀಲಿ ಕೂತು ಜಗುಲಿ ಕಾಯ್ತಿದ್ದೆ.

ಈಗ ಮೊಮ್ಮಗಳ ವಿಷಯಕ್ಕೆ ಬರ್ತೀನಿ. ನನ್ನ ಮಗನಿಗೆ ಹೊಸನಗರದಲ್ಲಿ ಹಗ್ಗ, ಪೈಪು, ಮೊಳೆ ಮಾರೋ ಅಂಗಡಿ. ಅವನಿಗೆ ಒಬ್ಬಳೇ ಮಗಳು. ಸಾಗರದಲ್ಲಿ ಐಟಿಐ ಮಾಡಿದ್ಳು, ಎಲೆಕ್ಟ್ರಿಕಲ್. ಅದು ಮುಗಿದ ಮೇಲೆ, "ಬ್ಯಾಂಕ್ ಪರೀಕ್ಷೆಗೆ ಓದು" ಅಂತ ಅಪ್ಪ ಅಲ್ಲೇ ಕೋಚಿಂಗಿಗೆ ಸೇರಿಸ್ದ. ದಿನಾ ಬಸ್ಸಲ್ಲಿ ಹೋಗ್ತಾಳೆ, ಬರ್ತಾಳೆ, ಕಿವಿಗೆ ಎಂತದೋ ಸಿಕ್ಕಿಸ್ಕೊಂಡು ಕೂರ್ತಾಳೆ. ನಾನು ತಿಳ್ಕೊಂಡಿದ್ದು ಅಷ್ಟೇ.

ಆಷಾಢದಲ್ಲಿ ಒಂದು ಸಂಜೆ ಜಗುಲೀಲಿ ಬಂದು ಕೂತ್ಳು. "ಅಜ್ಜಯ್ಯ, ನಾನು ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದೀನಿ. ಕಂಬ ಹತ್ತೋ ಪರೀಕ್ಷೆ ಇರ್ತದೆ. ಅಪ್ಪ ಬಿಡೋದಿಲ್ಲ. ನಿಮ್ಮ ಮಾತು ಮಾತ್ರ ಅಪ್ಪ ಮೀರೋದಿಲ್ಲ. ಒಂದು ಮಾತು ಹೇಳ್ತೀರಾ?"

ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. "ಹತ್ತು, ಹತ್ತು. ಹಾಗೇ ಲಿಂಗನಮಕ್ಕಿಯಿಂದ ನಮ್ಮನೇಗೆ ನೇರ ಒಂದು ವಯರ್ ಎಳ್ಕೊಂಡು ಬಾ. ಪಕ್ಕದಲ್ಲೇ ಕರೆಂಟ್ ಹುಟ್ಟಿದ್ರೂ ನಾವು ಮೇಣದಬತ್ತಿ ಹುಡುಕೋದು ತಪ್ಪಿಲ್ಲ."

"ತಮಾಷೆ ಅಲ್ಲ ಅಜ್ಜಯ್ಯ."

"ನಂದೂ ತಮಾಷೆ ಅಲ್ಲ. ದಪ್ಪ ವಯರ್ ತಗೊ."

ಇನ್ನೊಂದು ದಿನ ಮತ್ತೆ ಅದೇ ಮಾತು ತೆಗೆದ್ಳು. ನಾನು ನನ್ನ ಬಸ್ಸಿಗೆ ಚಿರತೆ ಹತ್ತಿ ಅರ್ಧ ಟಿಕೆಟ್ ಕೇಳಿದ ಕತೆ ಹೇಳ್ದೆ. ಅವಳು ಕತೆ ಮುಗಿಯೋ ಮೊದಲೇ ಎದ್ದು ಹೋದ್ಳು. ಅಪ್ಪನ ಹತ್ರ ತಾನೇ ಕೇಳಿ ನೋಡಿದ್ಳಂತೆ. "ಮಳೆಗಾಲದಲ್ಲಿ ಮಗಳನ್ನ ಕಂಬದ ಮೇಲೆ ಕಳ್ಸೋಕೆ ನನಗೆ ತಲೆ ಕೆಟ್ಟಿದೆಯಾ?" ಅಂತ ಅವನು ಅನ್ನದ ತಟ್ಟೆ ಸರಿಸಿ ಎದ್ದದ್ದು ನಾನೂ ನೋಡಿದೆ. ಗಂಡುಬೀರಿ ಆಟ, ಎರಡು ದಿನದಲ್ಲಿ ಇಳೀತದೆ ಅಂದ್ಕೊಂಡೆ.

ಆಮೇಲೆ ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ಕಳಿಸಿದೋಳು ಅವಳೇ. ಯಾರೋ ಹೆಲ್ಮೆಟ್ ಹಾಕ್ಕೊಂಡು ಕಂಬ ಹತ್ತುತಾ ಇದ್ರು, ಹಿಂಭಾಗ ಮಾತ್ರ ಕಾಣ್ತಿತ್ತು. ನಾನು ನಗೋ ಮುಖ ನಾಲ್ಕೈದು ಒತ್ತಿ, "ಯಾವೂರ ಮಂಗ ಇದು?" ಅಂತ ಬರೆದು ಕಳಿಸ್ದೆ. ಅವಳು ಓದಿದ್ದಕ್ಕೆ ನೀಲಿ ಗೆರೆ ಬಿತ್ತು. ಅವತ್ತಿಂದ ಕಾಫಿ ತಂದುಕೊಡೋಳು, ಮಾತ್ರೆ ಕೊಡೋಳು, ಮಾತು ಮಾತ್ರ ಇಲ್ಲ.

ದೀಪಾವಳಿ ಬಂತು. ಅದಾಗಿ ವಾರಕ್ಕೆ ಅವಳ ಪರೀಕ್ಷೆ ಅನ್ನೋದು ನನಗೆ ನೆನಪೇ ಇರಲಿಲ್ಲ. ಬೂರೆ ಸಂಜೆ ನಾನು ಎಂದಿನ ಹಾಗೆ ಜಗುಲೀಲಿ ಕೂತು ಈ ಕಾಲದೋರಿಗೆ ಬಯ್ತಾ ಇದ್ದೆ. "ಈಗಿನ ಮಕ್ಕಳಿಗೆ ಬೂರೆ ಅಂದ್ರೆ ಎಂತ ಗೊತ್ತು? ಕೈಗೆ ಮೊಬೈಲ್ ಅಂಟಿದೆ. ಒಂದು ಕುಂಬಳಕಾಯಿ ಕದಿಯೋ ಗಂಡೂ ಈ ಊರಲ್ಲಿ ಉಳಿದಿಲ್ಲ." ಮೊಮ್ಮಗಳು ರಂಗೋಲಿ ಹಾಕ್ತಾ ಕೇಳಿಸ್ಕೊಂಡ್ಳು. ನನ್ನ ಹೆಂಡ್ತಿ ಬಿಸಿ ಹಾಲು ತಂದುಕೊಟ್ಟು, "ಥಂಡಿ ಇದೆ, ಒಳಗೆ ಬಂದು ಮಲಗಿ. ನೀವಿರೋ ಮನೇಗೆ ಯಾರು ಬರ್ತಾರೆ?" ಅಂದ್ಳು. ಇಷ್ಟು ವರ್ಷದಲ್ಲಿ ಕೇಳದೇ ಹಾಲು ಕೊಟ್ಟೋಳಲ್ಲ. ಅಲ್ಲೇ ನನಗೆ ತಿಳೀಬೇಕಿತ್ತು. ಮಲಗಿಬಿಟ್ಟೆ.

ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೊರಗೆ ಬಂದ್ರೆ ಜಗುಲಿ ಖಾಲಿ. ಕುರ್ಚಿ ಇಲ್ಲ! ನಿಮಗೆ ಹೇಳ್ಬೇಕಂದ್ರೆ, ಮೊದಲು ಖುಷಿಯೇ ಆಯ್ತು. "ಅಬ್ಬಾ, ಊರಲ್ಲಿ ಇನ್ನೂ ಗಂಡಸರಿದ್ದಾರೆ!" ಅಂತ ಕೂಗಿದೆ. ಬಾವಿ ಕಟ್ಟೆ ನೋಡ್ದೆ. ಹುಲ್ಲಿನ ಗೊಣಬೆ ಹಿಂದೆ ನೋಡ್ದೆ. ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದೆ. ಎಲ್ಲೂ ಇಲ್ಲ. ಅಂಗಳದಲ್ಲಿ ನಿಂತಿದ್ದ ಹೆಂಡ್ತಿ ತಣ್ಣಗೆ, "ಸ್ವಲ್ಪ ಮೇಲೆ ನೋಡಿ" ಅಂದ್ಳು.

ನಮ್ಮನೆ ಎದುರು ಒಂದು ಹಳೇ ಕಬ್ಬಿಣದ ಕಂಬ ಇದೆ. ಲೈನ್ ರಸ್ತೆ ಬದಿಗೆ ಹೋದ ಮೇಲೆ ತಂತಿಯೆಲ್ಲ ಬಿಚ್ಚಿ, ಕಂಬ ಒಂದನ್ನ ಬಿಟ್ಟು ಹೋಗಿದ್ರು. ಅದರ ತುದೀಲಿ, ಅಡ್ಡಪಟ್ಟಿ ಮೇಲೆ, ಹಗ್ಗದಲ್ಲಿ ಬಿಗಿದು, ನನ್ನ ಕುರ್ಚಿ. ನನ್ನ ಬೈರಾಸು ಗಾಳಿಗೆ ಬಾವುಟದ ಹಾಗೆ ಹಾರ್ತಿತ್ತು.

ಕಾಫಿ ಯಾವಾಗ ಪಂಚೆ ಮೇಲೆ ಚೆಲ್ತೋ ಗೊತ್ತಿಲ್ಲ. ಗಾಡಿ ಹತ್ತಿಸಿದ್ದು ಶಾಲೆ ಮಾಡಿಗೆ. ಏಣಿ ಇತ್ತು, ಜನ ಇದ್ರು. ಇದು ಬೋಳು ಕಂಬ! ನಮ್ಮ ಗ್ಯಾಂಗಲ್ಲಿ ಇಂಥದ್ದನ್ನ ಕನಸಲ್ಲಿ ಯೋಚಿಸಿದೋನೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಊರು ನೆರೀತು. ಹುಡುಗರೆಲ್ಲ ಮೊಬೈಲ್ ಎತ್ತಿ ಫೋಟೋ ಹೊಡೆಯೋಕೆ ಶುರು. "ನೀವೇ ಅಲ್ಲನ್ರೋ?" ಅಂದೆ. "ದೇವರಾಣೆ ಅಜ್ಜಯ್ಯ, ನಮ್ಮ ಕೈಲಿ ಆಗೋ ಕೆಲಸ ಅಲ್ಲ ಅದು" ಅಂದ್ರು. ಮಗ ಏಣಿ ತಂದ. ಅದು ಅರ್ಧಕ್ಕೇ ನಿಂತಿತು. ನನಗೆ ಹುರುಪು ತಡೀಲಿಲ್ಲ. ಎದೆ ಉಬ್ಬಿಸಿ, ಎಲ್ಲರಿಗೂ ಕೇಳೋ ಹಾಗೆ ಹೇಳ್ದೆ: "ಬೂರೆ ಕಾನೂನು ಬದಿಗಿರಲಿ. ಇದನ್ನ ಮೇಲಿಟ್ಟ ಗಂಡು ಯಾವನೋ ಎದುರಿಗೆ ಬಾ. ನೀನೇ ಇಳಿಸು. ಕೇಳಿದ್ದು ಕೊಡ್ತೀನಿ!"

ಮೊಮ್ಮಗಳು ಬಂದ್ಳು. ಎಣ್ಣೆ ಸ್ನಾನದ ಕೂದಲು ಇನ್ನೂ ಒದ್ದೆ, ಗಂಟು ಹಾಕಿದ್ಳು. ಪ್ಯಾಂಟು, ಹೆಗಲ ಮೇಲೆ ಹಗ್ಗ. ಕಂಬದ ಹತ್ರ ನಿಂತು, ಅಡಿಕೆ ಕೊಯ್ಯೋರ ಹಾಗೆ ಎರಡು ಪಾದಕ್ಕೂ ಸೇರಿಸಿ ಹಗ್ಗದ ಬಳೆ ಹಾಕ್ಕೊಂಡ್ಳು.

"ಏಯ್, ಎಂತ ಮಾಡ್ತೀಯ?" ಅಂತ ಮಗ ಕೂಗ್ದ. ಅಷ್ಟರಲ್ಲಿ ಅವಳು ಏಣಿ ಎತ್ತರ ದಾಟಿಯಾಗಿತ್ತು.

ಅಷ್ಟು ಹೊತ್ತೂ ಗಲಗಲ ಅಂತಿದ್ದ ಜನ ಮೊಬೈಲ್ ಇಳಿಸಿ ಮೇಲೆ ನೋಡಿದ್ರು. ನಾನು ಘಟ್ಟದ ತಿರುವಲ್ಲಿ ಬ್ರೇಕ್ ಫೇಲಾದಾಗ್ಲೂ ದೇವರನ್ನ ಕರೆಯದ ಡ್ರೈವರ್. ಅವತ್ತು ಗೊತ್ತಿರೋ ದೇವರನ್ನೆಲ್ಲ ಹೆಸರು ಹಿಡಿದು ಕರೆದೆ. ಅವಳು ತುದಿ ಮುಟ್ಟಿ, ಒಂದು ಕೈಲಿ ಕಂಬ ತಬ್ಬಿ, ಇನ್ನೊಂದು ಕೈಲಿ ಗಂಟು ಬಿಚ್ಚಿ, ಕುರ್ಚೀನ ಹಗ್ಗದಲ್ಲಿ ಮೆಲ್ಲಗೆ ಕೆಳಗಿಳಿಸಿದ್ಳು, ಮಗು ಇಳಿಸಿದ ಹಾಗೆ. ಕುರ್ಚಿ ನನ್ನ ಕಾಲ ಹತ್ರ ಬಂದು ನಿಂತಿತು. ಅವಳು ಇಳೀಲಿಲ್ಲ. ಅಲ್ಲಿಂದಲೇ ಬಗ್ಗಿ ನೋಡಿದ್ಳು.

"ಅಜ್ಜಯ್ಯ, ಈಗ ಹೇಳಿ. ಯಾವೂರ ಮಂಗ ಇದು?"

ಜನ ನಕ್ರು. ನನಗೆ ನಗು ಬರಲಿಲ್ಲ. ಆ ವಿಡಿಯೋ, ಆ ಹೆಲ್ಮೆಟ್ಟು, ಆ ನೀಲಿ ಗೆರೆ, ಎಲ್ಲ ಒಟ್ಟಿಗೇ ಬಂದು ಕಪಾಳಕ್ಕೆ ಹೊಡೆದ ಹಾಗಾಯ್ತು. ವಿಡಿಯೋದಲ್ಲಿ ಹತ್ತಿದೋಳೂ ಇವಳೇ! ಎಲ್ಲಾ ಸಲವೂ ನಿಜವನ್ನೇ ಹೇಳಿದ್ಳು. ಜೀವಮಾನ ಪೂರ್ತಿ ಸುಳ್ಳು ಹೇಳಿ ಬದುಕಿದೋನ ಮನೇಲಿ ನಿಜ ಹೇಳೋಳಿಗೆ ಏನು ಬೆಲೆ ನೋಡಿ.

"ರಾತ್ರಿ ಒಬ್ಬಳೇ ಹತ್ತಿದ್ಯಾ?" ಅಂದೆ.

"ಒಬ್ಬಳೇ ಎಲ್ಲಿ?" ಅಂದಿದ್ದು ನನ್ನ ಹೆಂಡ್ತಿ. "ಕೆಳಗೆ ಟಾರ್ಚ್ ಹಿಡಿದೋಳು ನಾನು."

"ನೀನಾ!"

"ಹೌದು, ನಾನೇ. ಬಾಯಲ್ಲಿ ಹೇಳಿದ್ರೆ ನಗ್ತೀರಲ್ಲ ನೀವು. ಅದಕ್ಕೇ ಕುರ್ಚಿ ಕೈಲಿ ಹೇಳಿಸಿದ್ವಿ."

ದಿನಾ ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಕೊಂಡು ನರಳೋ ಹೆಂಗಸು! ಜಿರಲೆ ಕಂಡ್ರೆ ಕಿರಿಚೋ ಹೆಂಗಸು! ಬೂರೆಯ ರಾಜನ ಪಕ್ಕದಲ್ಲೇ ಕಳ್ಳಿ ಮಲಗಿದ್ಳು, ರಾಜ ಗೊರಕೆ ಹೊಡೀತಿದ್ದ.

ಮೊಮ್ಮಗಳು ಕೆಳಗಿಳಿದು, ಅಂಗೈ ಪ್ಯಾಂಟಿಗೆ ಒರೆಸಿ, ನನ್ನೆದುರು ನಿಂತ್ಳು. "ಕೇಳಿದ್ದು ಕೊಡ್ತೀನಿ ಅಂದ್ರಿ. ವಾರದಲ್ಲಿ ಪರೀಕ್ಷೆ. ಅಪ್ಪನಿಗೆ ಹೇಳಿ."

ಮಗ ಏಣಿ ಹಿಡ್ಕೊಂಡು ಅಲ್ಲೇ ನಿಂತಿದ್ದ. ಮುಖದಲ್ಲಿ ರಕ್ತ ಇಲ್ಲ. ನಾನು ಬೈರಾಸು ಹೆಗಲಿಗೆ ಹಾಕಿ, ಗಂಟಲು ಸರಿ ಮಾಡ್ಕೊಂಡೆ. "ಮಗನೇ, ಈ ಊರಲ್ಲಿ ನಾನು ಬಿಟ್ರೆ ಎದೆಗಾರಿಕೆ ಇರೋದು ಇವಳೊಬ್ಬಳಿಗೇ. ನೀನು ತಡೆದ್ರೆ ಆ ಕುರ್ಚೀಲಿ ನಾನು ಇನ್ನು ಕೂರೋದಿಲ್ಲ" ಅಂತ ಗುಡುಗಿದೆ. ಅವನು ತಲೆ ತಗ್ಗಿಸಿ ಹೂಂ ಅಂದ.

ಪರೀಕ್ಷೆ ದಿನ ಮೊದಲ ಬಸ್ಸಿಗೆ ನಾನು, ಮಗ, ಮೊಮ್ಮಗಳು ಮೂರೂ ಜನ ಶಿವಮೊಗ್ಗಕ್ಕೆ ಹೋದ್ವಿ. ಮೈದಾನದಲ್ಲಿ ಕಂಬದ ಸಾಲು, ಹುಡುಗರ ಸಾಲು, ಹುಡುಗೀರು ಬೆರಳೆಣಿಕೆಯಷ್ಟು. ಅವಳ ಸರದಿ ಬಂದಾಗ ಮಗ ನನ್ನ ರಟ್ಟೆ ಹಿಡ್ಕೊಂಡ. ಅವನು ನನ್ನನ್ನ ಹಾಗೆ ಹಿಡಿದದ್ದು ಚಿಕ್ಕವನಿದ್ದಾಗ, ನನ್ನ ಬಸ್ಸಿನ ಬಾನೆಟ್ ಮೇಲೆ ಕೂತು ಘಟ್ಟ ಇಳಿಯೋವಾಗ. ಅವಳು ಹತ್ತಿದ್ಳು, ತುದಿ ಮುಟ್ಟಿದ್ಳು, ಇಳಿದ್ಳು. ಫಲಿತಾಂಶ ಇನ್ನೂ ಬಂದಿಲ್ಲ. ಕೆಲಸ ಸಿಗ್ತದೋ ಬಿಡ್ತದೋ, ಕೋಚಿಂಗಿನ ಮಾತು ಮಾತ್ರ ಮನೇಲಿ ಯಾರೂ ಎತ್ತೋದಿಲ್ಲ.

ಇನ್ನು ಸುಳ್ಳು. ನೀವು ಕಂಬ ಸುಳ್ಳು ಅಂದ್ಕೊಂಡಿದ್ರೆ ಸೋತ್ರಿ, ಹುಡುಗರ ಮೊಬೈಲಲ್ಲಿ ಫೋಟೋ ಇದೆ. ಹೆಂಡ್ತಿ ಟಾರ್ಚೂ ನಿಜ. ಚಿರತೆ ಕತೆ ಲೆಕ್ಕಕ್ಕಿಲ್ಲ, ಅದು ಸುಳ್ಳು ಅಂತ ಚಿರತೆಗೂ ಗೊತ್ತು.

ನಾನು ಮಗನಿಗೆ ಗುಡುಗಿದೆ ಅಂದ್ನಲ್ಲ, ಅದು ಸುಳ್ಳು. ನಾನು ಗಂಟಲು ಸರಿ ಮಾಡ್ಕೊಳ್ಳೋ ಹೊತ್ತಿಗೆ ಅವನು ಏಣೀನ ಗೋಡೆಗೆ ಒರಗಿಸಿ ಒಳಗೆ ಹೋಗಿದ್ದ. ಬರುವಾಗ ಅಂಗಡಿಯ ಹೊಸಾ ಹಗ್ಗದ ಸುರುಳಿ ಕೈಲಿತ್ತು. ಮಗಳ ಹೆಗಲಿಂದ ಹಳೇ ಹಗ್ಗ ತೆಗೆದು, ಬೆರಳಲ್ಲಿ ಉಜ್ಜಿ ನೋಡಿ, ಹೊಸದನ್ನ ಅವಳ ಕೈಗಿಟ್ಟ.

"ಇದು ಸವೆದಿದೆ. ಇನ್ನು ಇದರಲ್ಲಿ ಹತ್ತಬೇಡ" ಅಂದ.

ನಾನು ಬಾಯಿ ತೆರೆದೇ ನಿಂತಿದ್ದೆ.