ಮಗಳ ಮುಖ ಹಿಡಿಯದ ಕ್ಯಾಮೆರಾ

ಗೆಳತಿಯರೇ, ಇವತ್ತು ನನ್ನ ಹೊಸ ಡಿಜಿಟಲ್ ಕ್ಯಾಮೆರಾ ಅವ್ವನ ಪಕ್ಷ ಸೇರಿಕೊಂಡಿತು.

ಬಾಣಂತನಕ್ಕೆ ಮೊಳಕಾಲ್ಮೂರಿನ ತವರಿನಲ್ಲಿದ್ದೇನೆ. ಚಳ್ಳಕೆರೆಯಿಂದ ನಮ್ಮವರ ಫೋನು: "ಮಗಳು ನಗೋ ಫೋಟೊ ಒಂದಾದ್ರೂ ಕಳ್ಸೇ." ಮಧ್ಯಾಹ್ನ ಮಗು ನಿದ್ದೆಯಲ್ಲಿ ನಗುತ್ತಿತ್ತು. ಫೋಟೊ ಚೆಂದ ಬರಲೆಂದು ಕೆನ್ನೆಯ ದೃಷ್ಟಿಬೊಟ್ಟನ್ನು ಮೆಲ್ಲಗೆ ಒರೆಸಿದೆ. ಗಾಳಿ ತಾಗೀತೆಂದು ಕಿಟಕಿ ಮುಚ್ಚಿತ್ತು, ಕರೆಂಟಿರಲಿಲ್ಲ. ಮಗುವಿನ ಕಣ್ಣಿಗೆ ಏನಾದೀತೋ ಎಂದು ಫ್ಲ್ಯಾಶ್ ಹಾಕಲು ನನಗೇ ಭಯ. ಲೆನ್ಸ್ ಮುಂದೆ ಹೋಯಿತು, ಹಿಂದೆ ಬಂತು, ಎಲ್ಲಿಯೂ ನಿಲ್ಲಲಿಲ್ಲ. ತೆರೆಯ ಮೇಲೆ ಮಗಳ ಮುಖ ಹಬೆಯೊಳಗಿನ ಇಡ್ಲಿಯಂತೆ ಮಸುಕು.

"ನಿನ್ನಂಗೇ ಆ ಕ್ಯಾಮೆರಾಕ್ಕೂ ನಿದ್ದೆಗೆಟ್ಟೈತೆ ಬಿಡು," ಎನ್ನುತ್ತಾ ಬಂದ ಅವ್ವ ಬರೀ ಕೆನ್ನೆ ನೋಡಿ ಗದರಿದಳು. "ಬೊಟ್ಟಿಲ್ದೆ ಊರಿಗೆಲ್ಲ ತೋರಿಸ್ತೀಯೇನೇ?" ಕಾಡಿಗೆಯಿಂದ ದಪ್ಪಗೆ ಬೊಟ್ಟಿಟ್ಟಳು.

ಮತ್ತೆ ಒತ್ತಿದೆ. ಆ ಬೊಟ್ಟಿನ ಮೇಲೆ ಹಸಿರು ಚೌಕ ಮೂಡಿ, ಕ್ಯಾಮೆರಾ ಪೀಕ್ ಎಂದಿತು. ನಗು ಸಿಕ್ಕಿಬಿಟ್ಟಿತು!

ಮಂದ ಬೆಳಕಲ್ಲಿ ಫೋಕಸ್ ಹಿಡಿಯಲು ಅದಕ್ಕೆ ಕಪ್ಪು-ಬಿಳುಪಿನ ಅಂಚು ಬೇಕೆಂದು ವಿವರಿಸಿದೆ. "ಅದಕ್ಕಾದ್ರೂ ಬುದ್ಧಿ ಐತೆ," ಎಂದಳು ಅವ್ವ.

ಈಗ ಕ್ಯಾಮೆರಾಕ್ಕೂ ಒಂದು ಬೊಟ್ಟಿಡಲು ಕಾಡಿಗೆ ಹಿಡಿದು ಬರುತ್ತಿದ್ದಾಳೆ. ಲೆನ್ಸನ್ನು ಸೆರಗಲ್ಲಿ ಮುಚ್ಚಿಕೊಂಡು ಕೂತಿದ್ದೇನೆ.