ಆನೆಯ ಪುಸ್ತಕಕ್ಕೆ ಬಂದ ಪ್ರಶಸ್ತಿ

ನಾನು ಬರೆದ ಮಕ್ಕಳ ಕಾದಂಬರಿ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿದೆ ಎಂದು ತಿಳಿದ ವಾರವೇ, ನಮ್ಮ ಶಾಲೆಯ ಐದನೇ ತರಗತಿಯ ಹುಡುಗಿಯೊಬ್ಬಳ ಅಪ್ಪನನ್ನು ಆನೆ ತುಳಿದು ಕೊಂದಿತು.

ಮೂಡಿಗೆರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ಮಕ್ಕಳಲ್ಲಿ ಹೆಚ್ಚಿನವರು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬರುವವರು. ಬರೆದ ಅಧ್ಯಾಯಗಳನ್ನು ಮಧ್ಯಾಹ್ನದ ಊಟವಾದ ಮೇಲೆ ಅವರಿಗೆ ಓದಿ ಹೇಳುತ್ತಿದ್ದೆ. ಈ ಹುಡುಗಿ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದಳು. ಆನೆ ಬಂದರೆ ಮೊದಲು ವಾಸನೆ, ಆಮೇಲೆ ಕೊಂಬೆ ಮುರಿಯುವ ಸದ್ದು ಅನ್ನುತ್ತಿದ್ದಳು. ಅವಳ ಅಪ್ಪ ತಗಡು ಬಡಿದು ಒಂಟಿ ಆನೆಯನ್ನು ಓಡಿಸಿ ಮನೆಗೆ ಬಂದದ್ದನ್ನೂ ಅವಳೇ ಹೇಳಿದಳು. ಅದು ಹಾಗೇ ಪುಸ್ತಕಕ್ಕೆ ಹೋಯಿತು. ಕೊನೆಗೆ ಆ ಆನೆ ಮಕ್ಕಳ ಸ್ನೇಹ ಬೆಳೆಸುತ್ತದೆ ಎಂದು ಬರೆದವಳು ಮಾತ್ರ ನಾನು.

ಆ ದಿನ ಅವಳ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದರು. ಕಾಫಿ ಗಿಡಗಳ ಹಿಂದೆ ನಿಂತಿದ್ದ ಆನೆ ಮಂಜಿನಲ್ಲಿ ಕಾಣಲಿಲ್ಲವಂತೆ.

ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಪ್ರಶಸ್ತಿಯವರಿಗೆ ಫೋನ್ ಮಾಡಿದೆ. ಕಾರಣ ಹೇಳುತ್ತಾ ಅತ್ತುಬಿಟ್ಟೆ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು, ತೀರ್ಪುಗಾರರ ನಿರ್ಧಾರ ಆಗಿಹೋಗಿದೆ ಎಂದರು. ಪತ್ರ ಬರೆದೆ, ಉತ್ತರ ಬರಲಿಲ್ಲ. ಪ್ರಶಸ್ತಿ ನನಗೇ ಬಂತು.

ಹುಡುಗಿ ಶಾಲೆಗೆ ಬರುತ್ತಿರಲಿಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ತಾಯಿ ಗೋಡೆಗೆ ಒರಗಿ ಕೂತಿದ್ದರು. ಪುಸ್ತಕ ಮತ್ತೆ ಅಚ್ಚಾಗುತ್ತದೆ, ಆಗ ಕಥೆ ಬದಲಿಸಿ ನಡೆದದ್ದನ್ನೇ ಬರೆಯುತ್ತೇನೆ ಎಂದಷ್ಟೇ ಹುಡುಗಿಗೆ ಹೇಳಿದೆ.

"ಬದಲಿಸ್ಬೇಡಿ ಟೀಚರ್," ಅಂದಳು. "ಅದ್ರಲ್ಲಿ ಅಪ್ಪ ಮನೆಗೆ ಬರ್ತಾರಲ್ಲ."

ತಾಯಿ ಆಗ ತಲೆಯೆತ್ತಿದರು. "ಇನ್ನು ಅವಳ ಹತ್ರ ಏನೂ ಕೇಳ್ಬೇಡಿ ಟೀಚರ್. ಕೇಳಿ ಕೇಳಿ ಬರ್ಕೊಂಡಿದ್ದು ಸಾಕು."

ಎದ್ದು ಬಂದೆ.

ಸಮಾರಂಭಕ್ಕೆ ಹೋಗದೆ ಇರುವ ಧೈರ್ಯ ನನಗಿರಲಿಲ್ಲ. ಶಾಲು ಹೊದಿಸಿ, ಒಂದು ಪುಟ ಓದಿ ಎಂದರು. ಪುಸ್ತಕ ತೆರೆದು ನಿಂತೆ. ಮೊದಲ ಸಾಲಿಗೇ ನಿಲ್ಲಿಸಿ ಪುಸ್ತಕ ಮುಚ್ಚಿದೆ. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದು ನಿರೂಪಕಿ ಮೈಕಿನಲ್ಲಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಅದು ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ.

ನಾನು ವಾಪಸ್ ಬರುವಷ್ಟರಲ್ಲಿ ತಾಯಿ ಮಗಳು ಕಳಸದ ಕಡೆಯ ತವರುಮನೆ ಸೇರಿದ್ದರು. ಹುಡುಗಿಯ ಮಾವ ಟಿ.ಸಿ. ಕೇಳಿಕೊಂಡು ಬಂದರು. ನಾನೇ ಬರೆಯಬೇಕಾಯಿತು. ತಂದೆಯ ಹೆಸರಿಗೆ ದಿವಂಗತ ಎಂದು ಸೇರಿಸಬೇಕೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ದಾಖಲೆಯಲ್ಲಿ ಇದ್ದ ಹಾಗೇ ಬರೆಯಿರಿ ಎಂದರು. ಜೊತೆಗೆ ಪುಸ್ತಕವನ್ನೂ ಕೊಟ್ಟು ಕಳಿಸಲೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗಲೇ, ಬಸ್ಸಿಗೆ ಹೊತ್ತಾಯಿತೆಂದು ಹುಡುಗಿಯ ಮಾವ ಹೊರಟುಹೋದರು.