ಇಪ್ಪತ್ತೊಂದನೆಯ ಪೆಟ್ಟು

ಹಗ್ಗ ಕಿತ್ತು ರೈಲುತುಂಡು ಕಣಿವೆಗೆ ಉರುಳಿಹೋಯಿತು. ಅಷ್ಟರಲ್ಲೇ ಎದುರು ಗುಡ್ಡದಿಂದ ಮೊದಲ ಪೆಟ್ಟು ಕೇಳಿಸಿತು, ಠಣ್ ಎಂದು. ಕೇಳಿದ ಕೂಡಲೇ ನಾನೂ ಹೊಡೆದು ಉತ್ತರ ಕೊಡಬೇಕಿತ್ತು. ಕೈಯಲ್ಲಿ ಸುತ್ತಿಗೆ ಇತ್ತು, ಹೊಡೆಯಲು ಕಬ್ಬಿಣ ಇರಲಿಲ್ಲ.

ಭೂತಗೀತ ನಂಬಿದವನಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದ್ದು ಎರಡನೇ ಕ್ಲಾಸು, ಬಣ್ಣ ಹಚ್ಚಿ ಬರೆಯಲು ಬರುವುದಿಲ್ಲ. ನಂಬದವನೆಂಬ ಕಾರಣಕ್ಕೇ ಆ ಕೆಲಸ ಸಿಕ್ಕಿದ್ದು.

ನಾಲ್ಕು ವರ್ಷದ ಹಿಂದೆ ಚಿಕ್ಕಮಗಳೂರಿನ ಜವಳಿ ಅಂಗಡಿಯವರ ಮಗ ಚನ್ನಬಸಪ್ಪನವರು ಸಂಸೆ ಕಡೆಯ ನಮ್ಮ ಎಸ್ಟೇಟಿಗೆ ಬಂದರು. ಏನು ಓದುತ್ತೀರಿ ಎಂದು ಮೇಸ್ತ್ರಿ ಕೇಳಿದ. "ಭೌತಶಾಸ್ತ್ರದಲ್ಲಿ ಡಾಕ್ಟರ್ ಆಗ್ಬೇಕು" ಅಂದರು. ಮೇಸ್ತ್ರಿಯ ಕಿವಿಗೆ ಬಿದ್ದದ್ದು ಭೂತಶಾಸ್ತ್ರ. ಸಂಜೆಯೊಳಗೆ ಕೂಲಿ ಲೈನಿನಲ್ಲೆಲ್ಲ ಅದೇ ಸುದ್ದಿ: "ಭೂತದ ಡಾಕ್ಟ್ರಂತೆ. ಗುಡ್ಡದ ಮೇಲೆ ಗಂಟೆ ಹೊಡ್ದು ಕರೀತಾರಂತೆ." ಜೊತೆಗೆ ಹೋಗಲು ಒಬ್ಬರೂ ಒಪ್ಪಲಿಲ್ಲ. ಮೇಸ್ತ್ರಿ ನನ್ನ ಕಡೆ ತಿರುಗಿದ.

"ನೀನಂತೂ ಭೂತ ನಂಬೋನಲ್ಲ. ಹಿಂದಿಲ್ಲ ಮುಂದಿಲ್ಲ. ಭೂತ ಹಿಡಿದ್ರೂ ಅಳೋರ್ಯಾರು? ನೀನೇ ಹೋಗು ಮಾರಾಯ."

ಮಂಜಿನಲ್ಲಿ ಸದ್ದು ಎಷ್ಟು ಬೇಗ ಓಡುತ್ತದೆ ಎಂದು ಅಳೆಯುವುದು ಅವರ ಓದು. ಒಂದು ಗುಡ್ಡದಲ್ಲಿ ಅವರು, ಎದುರಿನದರಲ್ಲಿ ನಾನು. ಇಬ್ಬರ ಬಳಿಯೂ ಮರಕ್ಕೆ ತೂಗುಹಾಕಿದ ಒಂದೊಂದು ರೈಲುತುಂಡು, ಎಸ್ಟೇಟಿನಲ್ಲಿ ಆಳುಗಳನ್ನು ಕರೆಯಲು ಬಾರಿಸುವಂಥದ್ದು. ಅವರು ಹೊಡೆದದ್ದು ಕೇಳಿದ ತಕ್ಷಣ ನಾನು ಹೊಡೆಯಬೇಕು. ನನ್ನ ಸದ್ದು ಮುಟ್ಟಲು ಎಷ್ಟು ಹೊತ್ತಾಯಿತೆಂದು ಅವರು ಗಡಿಯಾರ ಹಿಡಿದು ಬರೆಯಬೇಕು. ಉತ್ತರ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. "ನಿನ್ನ ಕೈ ಯಾವಾಗ್ಲೂ ಒಂಚೂರು ತಡ" ಎಂದು ನಗುತ್ತಿದ್ದರು. ಆ ತಡವನ್ನೂ ಅಳೆದು ಕಳೆಯುತ್ತಿದ್ದರು.

ತಿಂಗಳಿಡೀ ಗುಡ್ಡದ ಮೇಲೆ ನಾನೊಬ್ಬನೇ. ಮಾತಾಡಲು ಒಂದು ನರಪಿಳ್ಳೆ ಇಲ್ಲ. ಆದರೆ ಆಚೆ ಒಬ್ಬರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಅದಕ್ಕೆ ಮುಂಚೆ ನನಗಾಗಿ ಯಾರೂ ಕಾದದ್ದಿಲ್ಲ.

ಅವರು ವಿಲಾಯತಿಯ ಕಾಲೇಜಿಗೆ ಅರ್ಜಿ ಹಾಕಿದ್ದರು. ದಟ್ಟ ಮಂಜಿನ ಲೆಕ್ಕವೂ ಇದ್ದರೆ ಮಾತ್ರ ಸೀಟು ಎಂದು ಅಲ್ಲಿಂದ ಕಾಗದ ಬಂದಿತ್ತು. ತಿಂಗಳೆಲ್ಲ ಬಿಸಿಲು. ಅಂಥ ಮಂಜು ಇಳಿದದ್ದು ಕಡೇ ಟಪಾಲಿನ ಹಿಂದಿನ ದಿನ, ಮಧ್ಯಾಹ್ನ. ಆ ಟಪಾಲು ತಪ್ಪಿದರೆ ಹಡಗು ತಪ್ಪುತ್ತದೆ. ಅವತ್ತೇ ನನ್ನ ಹಗ್ಗ ಕಿತ್ತದ್ದು.

ಕೂಗಿದೆ. ಮಂಜು ನುಂಗಿತು. ಎರಡನೇ ಪೆಟ್ಟು ಬಂತು, ಮೂರನೆಯದೂ ಬಂತು. ಉತ್ತರವಿಲ್ಲದೆ ಇವರು ಯಾಕೆ ನಿಲ್ಲಿಸುತ್ತಿಲ್ಲ ಎಂದು ತಲೆಕೆಟ್ಟು ಬೆರಳು ಮಡಚಿ ಎಣಿಸಿದೆ. ಇಪ್ಪತ್ತು. ನನ್ನ ಸುತ್ತ ಎಲೆಯಿಂದ ಹನಿ ಬೀಳುವುದು ಬಿಟ್ಟರೆ ಬೇರೆ ಸದ್ದಿಲ್ಲ.

ಕಣಿವೆ ಇಳಿದು ಆಚೆ ಗುಡ್ಡ ಹತ್ತಿದೆ. ಅವರು ಓಡಿಬಂದು ನನ್ನ ಭುಜ ಹಿಡಿದರು.

"ಶಹಬ್ಬಾಸ್ ಮಾರಾಯ! ಇವತ್ತು ನಿನ್ನ ಕೈ ತಡಾನೇ ಆಗ್ಲಿಲ್ಲ. ಕೊನೇಲಿ ನಾನು ಹೊಡೀದೇನೇ ಒಂದು ಜಾಸ್ತಿ ಹೊಡ್ದಿದೀಯ!"

"ನಾನು ಒಂದೂ ಹೊಡೀಲಿಲ್ಲ. ಹಗ್ಗ ಕಿತ್ತು ರೈಲು ಕೆಳಗೆ ಹೋಯ್ತು."

ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಹಾಗಾದ್ರೆ ಮಾರ್ದನಿ" ಎಂದು ಹೋಗಿ ಮತ್ತೆ ಹತ್ತು ಪೆಟ್ಟು ಹೊಡೆದರು. ಮಂಜು ಹಾಗೇ ಇತ್ತು. ಇಬ್ಬರೂ ಕಿವಿಗೊಟ್ಟು ನಿಂತೆವು. ಏನೂ ಬರಲಿಲ್ಲ.

"ನೀವು ಹೊಡೀದೆ ಇದ್ದದ್ದಕ್ಕೆ ಮಾರ್ದನಿ ಹೆಂಗೆ ಬರ್ತದೆ?" ಎಂದೆ.

ಅವರು ಲೆಕ್ಕದ ಪುಸ್ತಕ ತೆಗೆದು ಅವತ್ತಿನ ಹಾಳೆ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಹೊಡ್ದೆ ಅಂತ ಹೇಳು. ಒಂದೇ ಒಂದು ಸಲ ಹೇಳು, ಸಾಕು. ನಾನು ಕೇಳಿದೀನಲ್ಲ, ಬರ್ದಿದೀನಲ್ಲ."

ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹೊಡೆದಿಲ್ಲ ಸ್ವಾಮಿ" ಅಂದೆ.

ಪುಸ್ತಕದಿಂದ ಆ ಹಾಳೆ ಹರಿದು ನನ್ನ ಕೈಗಿಟ್ಟರು. "ಇದು ನನ್ನದಲ್ಲ" ಅಂದರು. ಅಷ್ಟರಲ್ಲಿ ಕತ್ತಲಾಗಿತ್ತು; ಮರುದಿನ ಬೆಳಗ್ಗೆ ಬೇರೆ ರೈಲುತುಂಡು ಕಟ್ಟಿದೆವು. ಮಂಜು ಇರಲಿಲ್ಲ. ಟಪಾಲು ಹೋಯಿತು. ಅವರೂ ಮೋಟಾರು ಹತ್ತಿ ಹೋದರು. ಈಗ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಾರಂತೆ. ನನಗೆ ಒಂದು ಕಾಗದ ಹಾಕಲಿಲ್ಲ.

ಹಾಳೆ ನನ್ನ ಹತ್ತಿರ ಇದೆ. ಅಂಕಿ ಓದಲು ಬರುತ್ತದೆ. ಎಡಗಡೆ ಅವರು ಹೊಡೆದದ್ದು, ಬಲಗಡೆ ಬಂದ ಉತ್ತರ. ಇಪ್ಪತ್ತು ಸಾಲು ಎರಡೂ ಕಡೆ ತುಂಬಿದೆ. ಇಪ್ಪತ್ತೊಂದರಲ್ಲಿ ಎಡಗಡೆ ಖಾಲಿ. ಆ ಉತ್ತರ ಬಂದ ಗುಡ್ಡದಲ್ಲೇ ನಾನು ಕೂತಿದ್ದೆ, ಅವುಗಳಲ್ಲಿ ಯಾವುದೂ ನನಗೆ ಕೇಳಿಸಲಿಲ್ಲ. ಎಷ್ಟೋ ದಿನ ನೋಡಿದ ಮೇಲೆ ಒಂದು ಹೊಳೆಯಿತು: ಆ ಕೊನೆಯದು ಉತ್ತರವಲ್ಲ. ಯಾರೋ ತಾವಾಗಿ ಹೊಡೆದು ಕಾದದ್ದು. ಅದಕ್ಕೆ ನಾವಿಬ್ಬರೂ ಉತ್ತರ ಕೊಡಲಿಲ್ಲ.

ಇಷ್ಟೇ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.